ಪಲ್ಟನ್ನಿಗೆ ಹೊರಟ ಹುಡುಗನಿಗೆ

ತಮ್ಮಾ, ನೀನು ಅಗ್ನಿವೀರನಾಗಿ ಭರ್ತಿಯಾದ ಸುದ್ದಿ ಸಂಕೇಶ್ವರದ ಬಸ್ ಸ್ಟ್ಯಾಂಡಿನಿಂದ ಮೆಣಸಿನಕಾಯಿ ಪೇಟೆವರೆಗೂ ಮುಟ್ಟಿದೆ. ಮುಟ್ಟಿಸಿದವನೂ ನೀನೇ. ಪತ್ರ ಕೈಗೆ ಬಂದ ದಿನವೇ ಅದರ ಫೋಟೊ, ನಂಬರ್ ಸಮೇತ, ಸ್ಟೇಟಸ್ಸಿಗೆ ಹಾಕಿದೆ. ಓಟದಲ್ಲಿ ನೀನು ಮುಂದು, ಮನಸ್ಸೂ ಚೊಕ್ಕ. ಆದರೆ ನಿನ್ನ ಬಾಯಿ ಕಾಲಿಗಿಂತ ಜೋರಾಗಿ ಓಡುತ್ತದೆ. ಅದಕ್ಕೇ ಟ್ರಂಕು ಕಟ್ಟುವ ಮೊದಲು ಇಷ್ಟು ಕೇಳಿಸಿಕೊ.

ಬೆಳಗಾವಿಯಲ್ಲಿ ತರಬೇತಿ ಮುಗಿಸಿದ ಮೇಲೆ ಕಸಮ್ ಪರೇಡ್, ಅಂದರೆ ಪ್ರಮಾಣ ಮಾಡುವ ಪರೇಡ್, ಇರುತ್ತದೆ. ಎದುರಿಗೆ ರಾಷ್ಟ್ರಧ್ವಜ, ಧರ್ಮಗುರುವಿನ ಕೈಯಲ್ಲಿ ನಿನ್ನ ಧರ್ಮದ ಗ್ರಂಥ. ಆ ಹೊತ್ತಿನಲ್ಲಿ ಮೈ ಜುಂ ಅನ್ನುತ್ತದೆ, ಏನು ಬಿಟ್ಟುಕೊಟ್ಟೆ ಅನ್ನುವುದು ತಲೆಗೆ ಹೋಗುವುದಿಲ್ಲ. ಆದ್ದರಿಂದ ಈಗಲೇ ತಿಳಿದುಕೊ. ಸಂವಿಧಾನದ 33ನೇ ವಿಧಿ ಸೈನಿಕನ ಮೂಲಭೂತ ಹಕ್ಕುಗಳಿಗೆ ಹದ್ದು ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರಂತೆ 1950ರ ಸೇನಾ ಕಾಯ್ದೆಯ 21ನೇ ಕಲಮು ಬಂತು. ಅದು ತಡೆಯುವುದು ಸಂಘ ಕಟ್ಟುವುದನ್ನು, ರಾಜಕೀಯ ಸಭೆ-ಮೆರವಣಿಗೆಗೆ ಹೋಗುವುದನ್ನು, ಪತ್ರಿಕೆಗೆ ಬರೆಯುವುದನ್ನು. ಪೂಜೆ, ನಮಾಜಿನ ಹೆಸರು ಅಲ್ಲಿಲ್ಲ. ಮತ್ತೊಬ್ಬನ ಧರ್ಮವನ್ನು ಬೇಕಂತಲೇ ಹೀಯಾಳಿಸಿದರೆ ಮಾತ್ರ ಅದೇ ಕಾಯ್ದೆಯ 64ನೇ ಕಲಮು ನಿನ್ನನ್ನು ಹಿಡಿಯುತ್ತದೆ. ಊರಿನ ಗ್ರೂಪಿನಲ್ಲಿ ದಿನಾ ಬೆಳಗ್ಗೆ ಏನೇನು ಬರುತ್ತದೆ, ನೀನು ಏನೇನು ಮುಂದಕ್ಕೆ ತಳ್ಳುತ್ತೀ, ನಾನು ನೋಡಿದ್ದೇನೆ. ಇವತ್ತೇ ನಿಲ್ಲಿಸು.

ದೇವರ ವಿಷಯದಲ್ಲಿ ಹೆದರಬೇಡ. ನಾನು ಪಲ್ಟನ್ನಿನಲ್ಲಿದ್ದಾಗ ನಮ್ಮ ಬ್ಯಾರಕ್ಕಿನಲ್ಲಿ ಪಿಟಿ ಶಿಳ್ಳೆ ಹೊಡೆಯುವ ಮುಂಚೆಯೇ ಹುಕ್ಕೇರಿ ಕಡೆಯ ಹುಡುಗ ಲಿಂಗಪೂಜೆ ಮುಗಿಸುತ್ತಿದ್ದ. ಅವನ ಪಕ್ಕದ ಮಂಚದವನು ಚಾದರ ಹಾಸಿ ನಮಾಜು ಮಾಡುತ್ತಿದ್ದ. ಒಬ್ಬನ ತಂಬಿಗೆಯ ನೀರು ಇನ್ನೊಬ್ಬನ ಚಾದರಕ್ಕೆ ಸಿಡಿಯದ ಹಾಗೆ ಇಬ್ಬರೂ ಜಾಗ ಹಂಚಿಕೊಂಡಿದ್ದರು. ಇದನ್ನು ಯಾವ ಸಾಹೇಬನೂ ಕಲಿಸಿರಲಿಲ್ಲ. ಪರೇಡಿಗೆ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಬಂದರೆ ಕವಾಯತು ಕಲಿಸುವ ಉಸ್ತಾದ ಒರೆಸಿಕೊ ಅನ್ನುತ್ತಾನೆ. ಒರೆಸಿಕೊ. ಶಿವ ಅದಕ್ಕೆಲ್ಲ ಸಿಟ್ಟಾಗುವವನಲ್ಲ. ಗಡ್ಡದ ವಿಷಯವೂ ಹಾಗೇ: ವಾಯುಪಡೆಯ ಒಬ್ಬ ಮುಸ್ಲಿಂ ನೌಕರನ ಮೊಕದ್ದಮೆಯಲ್ಲಿ 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ದಳದ ಶಿಸ್ತಿನ ಪರ ನಿಂತಿತು.

ಮರಾಠಾ ರೆಜಿಮೆಂಟಿನಲ್ಲಿ ನೀನು ‘ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ’ ಅಂತ ಗಂಟಲು ಬಿರಿಯುವಂತೆ ಕೂಗಬೇಕಾಗುತ್ತದೆ. ಕರ್ನಾಟಕ-ಮಹಾರಾಷ್ಟ್ರ ಗಡಿ ಜಗಳವನ್ನು ಅದಕ್ಕೆ ಜೋಡಿಸಬೇಡ. ಅಲ್ಲಿ ಕನ್ನಡದ ಹುಡುಗರೂ ಕೂಗುತ್ತಾರೆ, ಮುಸ್ಲಿಂ ಹುಡುಗರೂ ಕೂಗುತ್ತಾರೆ. ಅದು ಪಲ್ಟನ್ನಿನ ಕೂಗು.

ಹಾಗಂತ ಹುಕುಂ ಕೊಡುವವರದ್ದು ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. 1806ರಲ್ಲಿ ಕಂಪನಿ ಸರಕಾರ ಸಿಪಾಯಿಗಳಿಗೆ ನಾಮ ಅಳಿಸಿ, ಗಡ್ಡ ಬೋಳಿಸಿ, ಹೊಸ ನಮೂನೆಯ ಪಗಡಿ ಹಾಕಿ ಅಂತ ಹಟ ಹಿಡಿಯಿತು. ಜುಲೈ 10ರ ನಸುಕಿನಲ್ಲಿ ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದರು, ರಕ್ತದ ಕೋಡಿ ಹರಿಯಿತು. ಕೊನೆಗೆ ಆ ಹುಕುಂ ಹಿಂತೆಗೆದುಕೊಂಡರು, ಮದರಾಸಿನ ಗವರ್ನರನನ್ನೂ ವಾಪಸು ಕರೆಸಿಕೊಂಡರು. ಸಿಪಾಯಿಯ ನಂಬಿಕೆಯನ್ನು ಮುಟ್ಟುವ ಮೊದಲು ಸಾಹೇಬರು ಹತ್ತು ಸಲ ಯೋಚಿಸುವುದು ಅಲ್ಲಿಂದ ಕಲಿತ ಪಾಠ.

ಇತ್ತೀಚಿನದೊಂದು ಮೊಕದ್ದಮೆ ನನ್ನನ್ನು ಇನ್ನೂ ಕೊರೆಯುತ್ತಿದೆ. ಸಿಖ್ ಜವಾನರ ತುಕಡಿಯ ಒಬ್ಬ ಕ್ರೈಸ್ತ ಲೆಫ್ಟಿನೆಂಟ್, ಧಾರ್ಮಿಕ ಪರೇಡಿಗೆ ಬರುತ್ತೇನೆ, ಆದರೆ ಪಲ್ಟನ್ನಿನ ಮಂದಿರದ ಗರ್ಭಗುಡಿಯೊಳಗೆ ಪೂಜೆಗೆ ಬರಲಾರೆ ಅಂದ. 2021ರಲ್ಲಿ ನೌಕರಿ ಹೋಯಿತು. 2025ರ ಮೇ ತಿಂಗಳಲ್ಲಿ ದಿಲ್ಲಿ ಹೈಕೋರ್ಟು, ನವೆಂಬರ್ 25ರಂದು ಸುಪ್ರೀಂ ಕೋರ್ಟು, ಎರಡೂ ಸೇನೆಯ ತೀರ್ಮಾನವನ್ನೇ ಎತ್ತಿಹಿಡಿದವು. ಮುಂದಾಳು ಬಾಗಿಲಲ್ಲೇ ನಿಂತರೆ ಒಳಗಿದ್ದ ಜವಾನನಿಗೆ ನೋವಾಗುತ್ತದೆ, ಅದು ನಿಜ. ಸಾಯುವ ಹೊತ್ತಿನಲ್ಲಿ ಅವನು ನಂಬುವುದು ಆ ಮುಂದಾಳನ್ನೇ. ಆದರೂ ನೌಕರಿಯನ್ನೇ ಕಳೆಯುವಷ್ಟು ದೊಡ್ಡ ತಪ್ಪೇ ಅದು ಅಂತ ನಾನು ಕೇಳಿಕೊಳ್ಳುತ್ತೇನೆ. ಕೋರ್ಟಿನ ಮಾತಿಗೆ ತಲೆಬಾಗುವುದು ನಮ್ಮ ಧರ್ಮ. ಆದರೆ ನಾಳೆ ನೀನು ನಾಯಕ್ ಆಗಿ ನಾಲ್ಕು ಹುಡುಗರು ನಿನ್ನ ಕೈಕೆಳಗೆ ಬಂದಾಗ, ಯಾರ ಕುತ್ತಿಗೆಯನ್ನೂ ಹಿಡಿದು ಮಂದಿರಕ್ಕೆ ನೂಕಬೇಡ.

ಇನ್ನು ಮಾತಿನ ವಿಷಯ. ನಿನ್ನ ಗಂಡಾಂತರ ಇರುವುದೇ ಇಲ್ಲಿ. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ಜವಾನನೊಬ್ಬ ನೀರುನೀರಾದ ಬೇಳೆ, ಸೀದ ರೊಟ್ಟಿ ತೋರಿಸಿ ವಿಡಿಯೊ ಬಿಟ್ಟ. ದೇಶವೆಲ್ಲ ನೋಡಿತು. ಏಪ್ರಿಲ್‌ನಲ್ಲಿ ಅವನನ್ನು ನೌಕರಿಯಿಂದ ತೆಗೆದರು. ಹಸಿದವನ ದೂರು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಮನೆಗೆ ಹೋದವನು ಅವನೇ. ಆಗಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್ ದೂರು ಪೆಟ್ಟಿಗೆ ಇಡಿಸುವ ಮಾತಾಡಿದ್ದು ಆ ದಿನಗಳಲ್ಲೇ. 2020ರಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಸೇರಿ 89 ಆ್ಯಪ್ ಅಳಿಸಿ ಅಂತ ಸೇನೆಯಲ್ಲಿ ಹುಕುಂ ಬಂತು. ಒಬ್ಬ ಲೆಫ್ಟಿನೆಂಟ್ ಕರ್ನಲ್ ಹೈಕೋರ್ಟಿಗೆ ಹೋದರೂ ಅರ್ಜಿ ಬಿದ್ದುಹೋಯಿತು. ಕರ್ನಲ್ ಸಾಹೇಬರಿಗೇ ಸಿಗದ ರಿಯಾಯಿತಿ ನಿನ್ನ ರೀಲ್ಸಿಗೆ ಸಿಗುವುದಿಲ್ಲ, ಮಗನೇ.

ರಜೆಗೆ ಬಂದಾಗ ನಿನ್ನ ಸೋದರಮಾವ, ಎಲೆಕ್ಷನ್ ಐತಿ, ಯೂನಿಫಾರ್ಮ್ ಹಾಕ್ಕೊಂಡು ಜೀಪಿನ್ಯಾಗ ನಿಂದ್ರು ಬಾ ಅನ್ನುತ್ತಾನೆ. ಅವನಿಗೆ ಕೈಮುಗಿದು, ಮಾವಾ, ಅದೊಂದು ಬಿಟ್ಟು ಬ್ಯಾರೆ ಹೇಳು ಅನ್ನು. ಓಟು ಹಾಕುವ ಹಕ್ಕು ನಿನಗೆ ಪೂರ್ತಿ ಇದೆ, ಅಂಚೆ ಮತಪತ್ರವೂ ಇದೆ. ಬಿಡದೆ ಹಾಕು, ಯಾರಿಗೆ ಹಾಕಿದೆ ಅಂತ ಬ್ಯಾರಕ್ಕಿನಲ್ಲಿ ಸಾರಬೇಡ.

ಅನ್ಯಾಯವಾದರೆ ಬಾಯಿ ಮುಚ್ಚಿಕೊಂಡಿರು ಅಂತ ನಾನು ಎಂದೂ ಹೇಳುವುದಿಲ್ಲ. ಸೇನಾ ಕಾಯ್ದೆಯ 26ನೇ ಕಲಮು ನಿನ್ನಂಥ ಜವಾನನಿಗಾಗಿಯೇ ಇದೆ. ಕಂಪನಿ ಕಮಾಂಡರನಿಗೆ ದೂರು ಕೊಡಬಹುದು. ದೂರು ಅವನ ಮೇಲೆಯೇ ಇದ್ದರೆ ಅವನ ಮೇಲಿನವನಿಗೆ ಕೊಡಬಹುದು. ದೂರು ತೆಗೆದುಕೊಂಡ ಅಧಿಕಾರಿ ಕೈಲಾದಷ್ಟು ಪೂರ್ತಿ ವಿಚಾರಣೆ ಮಾಡಲೇಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಸಿಟ್ಟು ಇಳಿದ ಮೇಲೆ, ಒಂದು ರಾತ್ರಿ ಮಲಗಿ ಎದ್ದು, ಅರ್ಜಿ ಬರೆ. ಏನಾಯಿತು, ಎಂದು, ಎಲ್ಲಿ, ಯಾರು ನೋಡಿದರು, ಇಷ್ಟೇ ಇರಲಿ. ಬೈಗುಳ ಒಂದೂ ಬೇಡ. ತಾರೀಖು ಹಾಕಿ ಸಹಿ ಮಾಡು, ಮುಟ್ಟಿದ್ದಕ್ಕೆ ಗುರುತು ಹಾಕಿಸಿಕೊ, ಒಂದು ಪ್ರತಿಯನ್ನು ಟ್ರಂಕಿನ ತಳದಲ್ಲಿ ಇಟ್ಟುಕೊ.