ತಲಪಾಡಿ ಗಡಿ ಮತ್ತು ಮಹಾಮಾರಿಯ ಕಾಲದಲ್ಲಿ ರೋಗಿಯ ಹಕ್ಕು

ಸೋಂಕು ರೋಗ ಹರಡುವ ಭೀತಿಯಿದ್ದಾಗ ಜನಸಂಚಾರವನ್ನು ನಿರ್ಬಂಧಿಸಲು ಸರ್ಕಾರಕ್ಕೆ ವಿಶಾಲವಾದ ಅಧಿಕಾರವಿದೆಯಾದರೂ, ತುರ್ತು ಚಿಕಿತ್ಸೆಗೆ ಹೊರಟ ರೋಗಿಯ ದಾರಿಯನ್ನು ಸಂಪೂರ್ಣವಾಗಿ ಮುಚ್ಚಿಬಿಡುವ ಮಟ್ಟಿಗೆ ಆ ಅಧಿಕಾರವನ್ನು ಬಳಸಲಾಗದು ಎಂಬುದನ್ನು ಮಂಗಳೂರಿನ ದಕ್ಷಿಣಕ್ಕೆ, ಕರ್ನಾಟಕ ಮತ್ತು ಕೇರಳದ ನಡುವೆ ಇರುವ ತಲಪಾಡಿ ಗಡಿಯ ಪ್ರಕರಣ ತೋರಿಸಿಕೊಟ್ಟಿದೆ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ತಡೆಗಾಗಿ ಕರ್ನಾಟಕವು ಕೇರಳದತ್ತ ಹೋಗುವ ರಸ್ತೆಗಳನ್ನು ಮುಚ್ಚಿ, ಕೆಲವೆಡೆ ಮಣ್ಣನ್ನೇ ಸುರಿಸಿದಾಗ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಗಳ ಜನರು ಬಹುಕಾಲದಿಂದ ನಂಬಿಕೊಂಡಿದ್ದ ಮಂಗಳೂರಿನ ಆಸ್ಪತ್ರೆಗಳು ಅವರಿಗೆ ದೂರವಾದವು. ಆಂಬ್ಯುಲೆನ್ಸ್‌ಗಳನ್ನು ತಡೆದುದರಿಂದ ಹಲವರು ಪ್ರಾಣ ಕಳೆದುಕೊಂಡರೆಂದು ಕೇರಳ ಸರ್ಕಾರ ಆರೋಪಿಸಿತು. ಕೇರಳ ಹೈಕೋರ್ಟ್ ವಕೀಲರ ಸಂಘದ ಅರ್ಜಿಯ ಮೇಲೆ ಏಪ್ರಿಲ್ 1ರಂದು ಆದೇಶ ನೀಡಿದ ಅಲ್ಲಿನ ಹೈಕೋರ್ಟ್, ಚಿಕಿತ್ಸೆಗೆ ಬರುವವರನ್ನು ತಡೆಯುವುದು ಸಂವಿಧಾನದ 21ನೇ ವಿಧಿಯು ರಕ್ಷಿಸುವ ಜೀವಿಸುವ ಹಕ್ಕಿಗೂ 19ನೇ ವಿಧಿಯ ಸಂಚಾರ ಸ್ವಾತಂತ್ರ್ಯಕ್ಕೂ ವಿರುದ್ಧವೆಂದು ಹೇಳಿ, ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ತಡೆಗಳನ್ನು ತೆರವುಗೊಳಿಸುವಂತೆ ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಎರಡೂ ರಾಜ್ಯಗಳು ಒಪ್ಪಿದ ವೈದ್ಯಕೀಯ ಸಂಚಾರ ನಿಯಮಾವಳಿ ಸಿದ್ಧವಾಗಿದೆಯೆಂದು ಏಪ್ರಿಲ್ 7ರಂದು ಕೇಂದ್ರವು ತಿಳಿಸಿದ್ದರಿಂದ ಪ್ರಕರಣ ಮುಗಿಯಿತು. ಕೆಲವೇ ದಿನಗಳಲ್ಲಿ ಬರೆಯಬಹುದಾಗಿದ್ದ ಈ ನಿಯಮಾವಳಿ ಗಡಿ ಮುಚ್ಚುವ ಮೊದಲೇ ಇದ್ದಿದ್ದರೆ ಅಷ್ಟು ಕುಟುಂಬಗಳು ಆ ಸಂಕಟವನ್ನು ಅನುಭವಿಸಬೇಕಾಗಿರಲಿಲ್ಲ.

ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020 ರಾಜ್ಯದ ಗಡಿಯನ್ನು ಅಗತ್ಯವಿರುವಷ್ಟು ಕಾಲ ಮುಚ್ಚಲು ಸರ್ಕಾರಕ್ಕೆ ಸ್ಪಷ್ಟವಾಗಿಯೇ ಅನುಮತಿ ನೀಡಿರುವುದರಿಂದ, ಮುಂದಿನ ಮಹಾಮಾರಿಯಲ್ಲಿಯೂ ತಲಪಾಡಿ ಮುಚ್ಚಬಹುದು. ಆದರೆ ಯಾವ ಕಾಯ್ದೆಯೂ ಸಂವಿಧಾನಕ್ಕಿಂತ ಮೇಲಲ್ಲ. ನಿರ್ಬಂಧವು ಅಪಾಯಕ್ಕೆ ತಕ್ಕಷ್ಟೇ ಇರಬೇಕೆಂಬ ಅನುಪಾತ ತತ್ವವನ್ನು ಭಾರತದ ನ್ಯಾಯಾಲಯಗಳು ಒಪ್ಪಿಕೊಂಡಿವೆ, ಮತ್ತು ಭಾರತವೂ ಬದ್ಧವಾಗಿರುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು, 2005 ಸಹ ದೇಶಗಳ ನಡುವಿನ ಸಂಚಾರದ ವಿಷಯದಲ್ಲಿ ಇದನ್ನೇ ಹೇಳುತ್ತವೆ.

ದಾರಿಯಲ್ಲಿ ತಡೆಯಲ್ಪಟ್ಟ ರೋಗಿಯ ಕಡೆಯವರು ಮೊದಲು ಚಿಕಿತ್ಸೆಯ ತುರ್ತನ್ನು ವಿವರಿಸುವ ವೈದ್ಯರ ಪ್ರಮಾಣಪತ್ರವನ್ನು ತೋರಿಸಿ, ತಡೆಯುವ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಕೇಳಿ ಬರೆದುಕೊಳ್ಳುವುದು ಒಳಿತು. ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾದ್ದರಿಂದ ಅವರಿಗೆ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅದಕ್ಕೂ ಸ್ಪಂದನೆ ದೊರೆಯದಿದ್ದಲ್ಲಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಹಕ್ಕನ್ನು ಜಾರಿಗೊಳಿಸುವಂತೆ ಕೋರುವ ಅರ್ಜಿ, ಸಲ್ಲಿಸಲು ಅವಕಾಶವಿದೆ. ವಕೀಲರನ್ನಿಡಲು ಶಕ್ತಿಯಿಲ್ಲದವರು 15100 ಸಂಖ್ಯೆಗೆ ಕರೆ ಮಾಡಬಹುದು ಅಥವಾ ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.

ಗಡಿ ದಾಟಿದ ಮೇಲೆ ಆಸ್ಪತ್ರೆಯ ಬಾಗಿಲಲ್ಲಿಯೂ ಹಕ್ಕುಗಳಿವೆ: ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಖಾಸಗಿ ಆಸ್ಪತ್ರೆಗಳು ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ, ಮತ್ತು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ಇಂತಹ ದೂರುಗಳನ್ನು ಆಲಿಸುವ ಜಿಲ್ಲಾ ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಮನೆಯಲ್ಲಿರುವ ರೋಗಿಗೂ ರಕ್ಷಣೆಯಿದೆ: ಸೋಂಕಿತರ ಮನೆಯ ಮುಂದೆ ಭಿತ್ತಿಪತ್ರ ಅಂಟಿಸುವ ಪದ್ಧತಿಯನ್ನು ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ನಿರ್ದೇಶನವಿಲ್ಲದೆ ಅನುಸರಿಸಬಾರದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ.

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿತಾದರೂ, ವಿಮಾನ ನಿಲ್ದಾಣವೂ ಬಂದರೂ ರಾಜ್ಯದ ಗಡಿಯೂ ಒಂದೆಡೆ ಸೇರಿರುವ ಮಂಗಳೂರಿನಂತಹ ಊರಿನ ಸಿದ್ಧತೆ ನಿಜವಾಗಿ ಅಡಗಿರುವುದು ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ. ಅದರಲ್ಲಿ ಕಾಸರಗೋಡಿನ ರೋಗಿಗಳ ಸಂಚಾರಕ್ಕೆ ಏನು ವ್ಯವಸ್ಥೆಯಿದೆಯೆಂದು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಯಾವ ನಾಗರಿಕರೂ ಕೇಳಬಹುದು. ಉತ್ತರಕ್ಕೆ 30 ದಿನಗಳ ಅವಧಿಯಿದ್ದು, ಮಾಹಿತಿಯು ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದರೆ 48 ಗಂಟೆಗಳೊಳಗೆ ಕೊಡಬೇಕಾಗುತ್ತದೆ.