ಸಂದರ್ಶಕರ ಮಾಹಿತಿ ಮತ್ತು ಅನುಸರಣೆ

ಅಮೆರಿಕದ ಅನೇಕ ಚರ್ಚುಗಳಲ್ಲಿ ಮೊದಲ ಬಾರಿಗೆ ಬಂದವರಿಂದ ಚಿಕ್ಕ ಕಾರ್ಡಿನಲ್ಲಿ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಬರೆಸಿಕೊಳ್ಳುವ ಪದ್ಧತಿಯುಂಟು. ಆ ವಿವರಗಳನ್ನು ಡೇಟಾಬೇಸ್ ತಂತ್ರಾಂಶಕ್ಕೆ ಸೇರಿಸಿ, ಅವರನ್ನು ಯಾರು, ಯಾವ ದಿನ ಸಂಪರ್ಕಿಸಬೇಕೆಂದು ನಿಗದಿಪಡಿಸಲಾಗುತ್ತದೆ. ವಸ್ತುಪ್ರದರ್ಶನದಲ್ಲಿ ದೊರೆತ ವಿಸಿಟಿಂಗ್ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಖಾನೆಯಲ್ಲಿಡುವ ಉದ್ಯಮಿಗಳಿಗೆ ಇದರಲ್ಲಿ ಪಾಠವಿದೆ. ಮರೆತ ಪ್ರತಿಯೊಂದು ಕಾರ್ಡೂ ಕೈತಪ್ಪಿದ ಬೇಡಿಕೆಯಾಗಬಹುದು.

1. ವ್ಯಕ್ತಿ ಕೋಷ್ಟಕ: ಪ್ರತಿಯೊಬ್ಬರಿಗೂ ಒಂದು ಪ್ರತ್ಯೇಕ ಕ್ರಮಸಂಖ್ಯೆ, ಹೆಸರು, ವಿಳಾಸ. ಕ್ರಮಸಂಖ್ಯೆಯು ಲೆಡ್ಜರಿನ ಫೋಲಿಯೋ ಇದ್ದಂತೆ. ಹೊಸ ನಮೂದಿಗೆ ಮುನ್ನ ದೂರವಾಣಿ ಸಂಖ್ಯೆಯನ್ನು ಹುಡುಕಿದರೆ ಒಬ್ಬರ ಹೆಸರು ಎರಡು ಸಲ ಸೇರುವುದು ತಪ್ಪುತ್ತದೆ.

2. ಸಂಪರ್ಕ ಕೋಷ್ಟಕ: ಅದೇ ಕ್ರಮಸಂಖ್ಯೆ, ಭೇಟಿಯ ದಿನಾಂಕ, ನಡೆದ ಮಾತು, ಮುಂದಿನ ಸಂಪರ್ಕದ ದಿನಾಂಕ, ಹೊಣೆ ಹೊತ್ತವರ ಹೆಸರು. ಹತ್ತು ಭೇಟಿಗಳಾದರೂ ವಿಳಾಸವನ್ನು ಪುನಃ ಬರೆಯಬೇಕಿಲ್ಲ. 1970ರಲ್ಲಿ ಇ.ಎಫ್. ಕಾಡ್ ಮಂಡಿಸಿದ ಸಂಬಂಧಾತ್ಮಕ ಮಾದರಿಯು ಇಂತಹ ಜೋಡಣೆಗೆ ಆಧಾರ.

3. ದೈನಂದಿನ ಪಟ್ಟಿ: ಸಂಪರ್ಕದ ದಿನಾಂಕ ಇಂದಿನದು ಅಥವಾ ಕಳೆದುಹೋದದ್ದು, ಆದರೆ ಕೆಲಸ ಮುಗಿದಿಲ್ಲ, ಅಂತಹವನ್ನಷ್ಟೇ ಪ್ರತಿದಿನ ಬೆಳಿಗ್ಗೆ ತೆಗೆಯಬೇಕು. ಬಾಕಿದಾರರ ಪಟ್ಟಿಯನ್ನು ನೋಡುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡುವುದು ಲೇಸು.

4. ಸಮ್ಮತಿ: ಮಾಹಿತಿಯನ್ನು ಯಾವ ಉದ್ದೇಶಕ್ಕೆ ಸಮ್ಮತಿ ಪಡೆಯಲಾಗಿದೆಯೋ ಅದಕ್ಕಷ್ಟೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ತತ್ತ್ವ. ಸಂಪರ್ಕ ಬೇಡವೆಂದವರ ಹೆಸರನ್ನು ಪಟ್ಟಿಯಿಂದ ಕೈಬಿಡತಕ್ಕದ್ದು.

ತಂತ್ರಾಂಶವು ನೆನಪಿಸುತ್ತದೆ, ಅಷ್ಟೆ. ದೂರವಾಣಿ ಕರೆಯನ್ನು ಮನುಷ್ಯನೇ ಮಾಡಬೇಕು. ಮಾಡಿದ್ದನ್ನು ಅಂದೇ ದಾಖಲಿಸಬೇಕು.