ಜಲವರ್ಣ ವಸ್ತುಚಿತ್ರದಲ್ಲಿ ಕಡುಛಾಯೆ: ಒಂಬತ್ತನೆಯ ತರಗತಿಯಲ್ಲಿ ಎರಡು ಅವಧಿ

ಅಭ್ಯಾಸ ಬೋಧನೆಯಲ್ಲಿ ಕಲಾ ಸಂಯೋಜಿತ ಪಾಠಕ್ಕಾಗಿ ನಾನು ಆರಿಸಿಕೊಂಡದ್ದು ಜಲವರ್ಣದ ವಸ್ತುಚಿತ್ರ. ಅದರಲ್ಲೂ ಕಡುಛಾಯೆ ಎಂಬ ಒಂದೇ ಅಂಶ. ಮೇಜಿನ ಮೇಲೆ ಬಿಳಿ ಟವೆಲ್, ಒಂದು ಹಿತ್ತಾಳೆ ಚೊಂಬು, ಎರಡು ಗುಂಡು ಬದನೆಕಾಯಿ. ಟ್ಯೂಬ್‌ಲೈಟ್ ಆರಿಸಿ, ಎಡಗಡೆಯ ಕಿಟಕಿಯ ಬೆಳಕನ್ನಷ್ಟೇ ಉಳಿಸಿಕೊಂಡೆ. ತಲಾ 40 ನಿಮಿಷದ ಎರಡು ಅವಧಿ.

ಮಕ್ಕಳ ಜಲವರ್ಣ ಚಿತ್ರಗಳು ಬಹುಮಟ್ಟಿಗೆ ಪೇಲವವಾಗಿರುತ್ತವೆ. ಕಣ್ಣಿಗೆ ಕಪ್ಪು ಕಾಣುವುದಿಲ್ಲವೆಂದಲ್ಲ. ಪೆನ್ಸಿಲ್‌ನಲ್ಲಾದರೆ ಇದೇ ಮಕ್ಕಳು ಬದನೆಕಾಯಿಗೆ ಒತ್ತಿ ಒತ್ತಿ ಶೇಡ್ ಕೊಡುತ್ತಾರೆ. ಬ್ರಷ್ ಹಿಡಿದಾಗ ಕೈ ನಿಲ್ಲುತ್ತದೆ. "ಮಿಸ್, ಇನ್ನೂ ಕಪ್ಪು ಹಾಕಿದ್ರೆ ಚಿತ್ರ ಕೆಟ್ಟೋಗುತ್ತೆ, ರಬ್ಬರ್‌ನಲ್ಲಿ ಅಳಿಸೋಕೂ ಆಗಲ್ಲ" ಎಂದಳು ಮುಂದಿನ ಬೆಂಚಿನ ಹುಡುಗಿ. ಅವಳ ಅಂಜಿಕೆ ನ್ಯಾಯವಾದದ್ದೇ. ಅಂಥವಳಿಗೆ "ಧೈರ್ಯ ಮಾಡು" ಎಂದಷ್ಟೇ ಹೇಳುವುದು ಬೋಧನೆಯಲ್ಲ.

ಆದ್ದರಿಂದ ಮೊದಲ ಅವಧಿಯಲ್ಲಿ ಚಿತ್ರವನ್ನೇ ಬರೆಸಲಿಲ್ಲ. ಡ್ರಾಯಿಂಗ್ ಹಾಳೆಯ ಎರಡು ಬೆರಳಗಲದ ಪಟ್ಟಿ ಕೊಟ್ಟು, ಕಡುಬಣ್ಣ ಕಲಸಿ ಒಂದು ಗುರುತು ಹಾಕಿಸಿದೆ. ಅದು ಚೆನ್ನಾಗಿ ಒಣಗಿದ ಮೇಲೆ ಅದೇ ಬಣ್ಣದಿಂದ ಪಕ್ಕದಲ್ಲೇ ಇನ್ನೊಂದು. "ಮಿಸ್, ಮೊದಲಿನದು ತಿಳಿಯಾಗಿಬಿಟ್ಟಿದೆ!" ಎಂದು ನಾಲ್ಕೈದು ಮಂದಿ ಒಟ್ಟಿಗೇ ಕೂಗಿದರು. ಮಳೆಯಲ್ಲಿ ನೆನೆದ ಅಂಗಿ ಕಡುವಾಗಿ ಕಂಡು, ಒಣಗಿದಾಗ ಮತ್ತೆ ತಿಳಿಯಾಗುವುದನ್ನು ಅವರೇ ನೆನಪಿಸಿಕೊಂಡರು. ಕಾರಣ ಒಂದೇ. ಹಸಿಯಿರುವಾಗ ಕಾಗದದ ನಾರು ಹಾಗೂ ಬಣ್ಣದ ಕಣಗಳ ನಡುವಿನ ಸಂದುಗಳನ್ನು ನೀರು ತುಂಬಿರುತ್ತದೆ. ಒಣಗಿದಾಗ ಅಲ್ಲಿಗೆ ಗಾಳಿ ಸೇರಿ, ಬೆಳಕು ಹೆಚ್ಚು ಚದುರಿ ಕಣ್ಣಿಗೆ ಬರುತ್ತದೆ. ವಕ್ರೀಭವನ ಸೂಚ್ಯಂಕ ಹತ್ತನೆಯ ತರಗತಿಯ ಪಾಠ. ಇಲ್ಲಿ ಅಂಗಿಯೇ ಸಾಕಾಯಿತು. ಹಸಿಯಲ್ಲಿ "ಸ್ವಲ್ಪ ಜಾಸ್ತಿಯಾಯಿತು" ಎನಿಸುವ ಕಪ್ಪೇ ಒಣಗಿದ ಮೇಲೆ ಸರಿಹೋಗುತ್ತದೆ ಎಂಬುದು ಆ ಪಟ್ಟಿಯಿಂದಲೇ ಅವರಿಗೆ ತಿಳಿಯಿತು.

ಬಣ್ಣ ಎಷ್ಟು ಗಟ್ಟಿಯಿರಬೇಕು ಎಂಬುದಕ್ಕೆ ಅಡುಗೆಮನೆಯ ಅಳತೆ: ನೀರುಮಜ್ಜಿಗೆ, ಹಾಲು, ಮೊಸರು. ಕಡುಛಾಯೆಗೆ ಮೊಸರಿನ ಹದ ಬೇಕು. ಹೆಚ್ಚಿನ ಮಕ್ಕಳು ನೀರುಮಜ್ಜಿಗೆಯನ್ನೇ ನಾಲ್ಕು ಸಲ ಬಳಿದು ಕಪ್ಪು ಬರಿಸಲು ನೋಡುತ್ತಾರೆ. ಜಲವರ್ಣದ ಅಂಟು ಗೊಂದು. ಒಣಗಿದ ಮೇಲೂ ನೀರು ತಗುಲಿದರೆ ಕರಗುತ್ತದೆ. ಅರೆಹಸಿಯಲ್ಲಿ ಉಜ್ಜಿದರಂತೂ ಕೆಳಗಿನ ಪದರ ಎದ್ದು ರಾಡಿಯಾಗುತ್ತದೆ. ಒಂದೇ ಸಲಕ್ಕೆ ಹಾಕಿ ಬಿಡಬೇಕು, ಇಲ್ಲವೇ ಪೂರ್ತಿ ಒಣಗುವ ತನಕ ಕಾಯಬೇಕು.

ಪೆಟ್ಟಿಗೆಯ ಕಪ್ಪು ಬಿಲ್ಲೆಯನ್ನು ಎರಡೂ ದಿನ ಮುಟ್ಟಬಾರದೆಂದಿದ್ದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿದರೆ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ, ಏಕೆಂದರೆ ಒಂದು ಬಿಟ್ಟುಕೊಡುವ ಬೆಳಕನ್ನು ಇನ್ನೊಂದು ಹೀರುತ್ತದೆ. ನೀಲಿ ಹೆಚ್ಚಿಸಿದರೆ ಬದನೆಯ ನೆರಳು, ಕಂದು ಹೆಚ್ಚಿಸಿದರೆ ಚೊಂಬಿನ ನೆರಳು. ಬರೀ ಕಪ್ಪಿನಲ್ಲಿ ಈ ಸೌಲಭ್ಯವಿಲ್ಲ.

ಎರಡನೆಯ ಅವಧಿಯಲ್ಲಿ ಚಿತ್ರ. ಅತಿ ಕಪ್ಪು ಎಲ್ಲಿದೆ ಎಂದು ಕೇಳಿದಾಗ ಎಲ್ಲರೂ ಬದನೆಕಾಯಿಯ ಮೈಯನ್ನೇ ತೋರಿಸಿದರು. ರಟ್ಟಿನ ಚಿಕ್ಕ ತೂತಿನಿಂದ ನೋಡಿಸಿದಾಗ, ಕಾಯಿ ಟವೆಲ್ಲಿಗೆ ತಾಗುವ ಕಡೆಯ ತೆಳುಗೆರೆಯೇ ಅದಕ್ಕಿಂತ ಕಪ್ಪು ಎಂದು ಗೊತ್ತಾಯಿತು. ಪಕ್ಕದ ಬಣ್ಣ ನಮ್ಮ ನೋಟವನ್ನು ಬದಲಿಸುತ್ತದೆಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರೊಲ್ 1839ರ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಆ ಗೆರೆ ಬಿದ್ದೊಡನೆ ಟವೆಲ್ ಇನ್ನಷ್ಟು ಬೆಳ್ಳಗಾಯಿತು, ಕಾಯಿ ಮೇಜಿನ ಮೇಲೆ ಕುಳಿತಿತು. ಮುಂದಿನ ಬೆಂಚಿನ ಹುಡುಗಿ ಪಟ್ಟಿಯನ್ನು ಚಿತ್ರದ ಪಕ್ಕಕ್ಕಿಟ್ಟುಕೊಂಡು ಮೂರು ಸಲ ಹೋಲಿಸಿ, ಆಮೇಲೆ ಒಂದೇ ಎಳೆತದಲ್ಲಿ ಗೆರೆ ಎಳೆದಳು. ತುದಿಯಲ್ಲಿ ಸ್ವಲ್ಪ ಹರಿದಿತ್ತು.

ಮೌಲ್ಯಮಾಪನದ ಬಗ್ಗೆ ಬೋಧಕರೊಂದಿಗೆ ಒಂದು ಮಾತು. ನಮಗೆ ಕೊಟ್ಟ ನಮೂನೆಯಲ್ಲಿ ಅಚ್ಚುಕಟ್ಟಿಗೆ 5 ಅಂಕ, ಛಾಯೆಗೆ 2. ಹೀಗಿದ್ದರೆ ಪೇಲವವಾಗಿ ಬರೆದು ಸುಮ್ಮನಾಗುವ ಮಗುವೇ ಜಾಣ ಮಗು. ನನ್ನ ಪಾಠ ಯೋಜನೆಯಲ್ಲಿ ಎರಡನ್ನೂ ಅದಲುಬದಲು ಮಾಡಿ, ಒಣಗಿದ ಪಟ್ಟಿಯನ್ನೂ ಚಿತ್ರದ ಹಿಂದೆ ಅಂಟಿಸಲು ಹೇಳಿದೆ. ಅಂಕ ಹಾಕುವಾಗ ಹಾಳೆ ತಿರುಗಿಸಿ ಅದನ್ನೂ ನೋಡುತ್ತೇನೆ.